ಭಾಗೀರಥಿ ಎರೆದಳೋ ಇಲ್ಲವೋ

ಅಂದು ಕಾರ್ತಿಕ ಸೋಮವಾರ. ಬೆಳಗ್ಗೆ ಏಳು ಗಂಟೆಗೆ ತುಳಸಿಕಟ್ಟೆಯ ಮುಂದೆ ರಂಗೋಲಿ ಬಿಟ್ಟು, ದೀಪ ಹಚ್ಚಿ, ಸೇವಂತಿಗೆ ಹೂವನ್ನು ಕೈಗೆ ತೆಗೆದುಕೊಂಡಿದ್ದೆ. ಒಳಗೆ ಫೋನು ಹೊಡೆದುಕೊಳ್ಳುತ್ತಿತ್ತು. ಸೊಸೆ ತಂದು ನನ್ನ ಕಿವಿಗೆ ಹಿಡಿದಳು.

“ದೊಡ್ಡಮ್ಮ, ಅಮ್ಮ ಹೋಗ್ಬಿಟ್ಳು,” ಎಂದಳು ಸುಮಿತ್ರಳ ಮಗಳು ಕಾವ್ಯಶ್ರೀ.

“ಇಷ್ಟೊತ್ತಿಗೇ ಬಸ್ಸು ಹತ್ತುದ್ಲಾ? ಬರ್ತೀನಿ ಅಂತ ಒಂದ್ ಮಾತು ಹೇಳ್ಬಾರದಾ ಅವಳು?” ಎಂದೆ. ಸುಮಿತ್ರ ಹಾಗೆಯೇ. ಪೊನ್ನಂಪೇಟೆಯಲ್ಲಿ ಮಗಳ ಮನೆಯಲ್ಲಿದ್ದವಳು ಮನಸ್ಸು ಬಂದಾಗ ಬಸ್ಸು ಹತ್ತಿ ಬಂದು, ನನ್ನ ಹಿಂಬಾಗಿಲಲ್ಲಿ ನಿಂತು “ಅಕ್ಕ, ಕಾಫಿ” ಎನ್ನುವವಳು.

ಆ ಕಡೆಯಿಂದ ಅಳುವುದು ಕೇಳಿಸಿತು. ಆಗ ಅರ್ಥವಾಯಿತು. ಬೆಳಗ್ಗೆ ಎದ್ದು ಕಾಫಿ ಕುಡಿದವಳು ಎದೆ ಹಿಡಿದ ಹಾಗಾಗುತ್ತದೆ ಎಂದು ಗೋಡೆಗೆ ಒರಗಿ ಕೂತಳಂತೆ. ಆಟೋ ಬರುವಷ್ಟರಲ್ಲಿ ಮುಗಿದಿತ್ತಂತೆ.

ಹೂವು ಇನ್ನೂ ನನ್ನ ಕೈಯಲ್ಲೇ ಇತ್ತು. ಅವಳು ನನ್ನ ಮೈದುನನ ಹೆಂಡತಿ, ನನ್ನ ಓರಗಿತ್ತಿ. ಒಂದೇ ಮನೆತನ, ಒಂದೇ ಸೂತಕ. ಆ ಗಳಿಗೆಯಿಂದ ಹನ್ನೊಂದು ದಿನ ದೇವರಿಗೆ ಹೂವಿಡುವ ಹಾಗಿಲ್ಲ. ಹೂವನ್ನು ಕಟ್ಟೆಯ ಮೇಲೆ ಇಡದೆ, ಕೆಳಗೆ ನೆಲದ ಮೇಲಿಟ್ಟು ಎದ್ದೆ.

ಮಧ್ಯಾಹ್ನದ ಹೊತ್ತಿಗೆ ಅವಳನ್ನು ಊರಿಗೆ ತಂದರು. ಕೂಡಿಗೆಯ ಹತ್ತಿರದ ನಮ್ಮ ಜಮೀನಿನಲ್ಲಿ, ಗಂಡ ಚಂದ್ರುವಿನ ಪಕ್ಕದಲ್ಲೇ ಮಣ್ಣು ಮಾಡಿದೆವು. ಅವನು ಹೋಗಿ ಮೂವತ್ತಾರು ವರ್ಷವಾಗಿತ್ತು. ಅವನ ತಲೆಯ ಕಡೆ ಅವಳೇ ನೆಟ್ಟಿದ್ದ ಕಣಗಿಲೆ ಈಗ ಮರವಾಗಿದೆ.

ದೇವರ ಮನೆಗೆ ಹೋಗಲಾಗದ ಈ ದಿನಗಳಲ್ಲಿ ಬೆಳಗಿನ ಹೊತ್ತು ಹೇಗೆ ಕಳೆಯಬೇಕೆಂದು ತಿಳಿಯುವುದಿಲ್ಲ. ಕೈ ಸುಮ್ಮನಿದ್ದರೆ ಮನಸ್ಸು ಅವಳ ಹತ್ತಿರ ಹೋಗುತ್ತದೆ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಸುಮಿತ್ರ ನಮ್ಮ ಮನೆಗೆ ಬಂದದ್ದು ಎಂಬತ್ತನಾಲ್ಕರಲ್ಲಿ. ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತ ನಮ್ಮದು ಬೇಸಾಯದ ಮನೆ. ಹೊಗೆಸೊಪ್ಪು, ಭತ್ತ, ಆಮೇಲಾಮೇಲೆ ಶುಂಠಿ. ಅವಳ ಅಪ್ಪ ಸುಂಟಿಕೊಪ್ಪದ ಹತ್ತಿರ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಕೂಲಿಯವರ ಲೈನ್ ಮನೆಗಳ ಮಕ್ಕಳ ಜೊತೆ ಆಡಿ ಬೆಳೆದವಳಾದ್ದರಿಂದ ಅವಳಿಗೆ ತಮಿಳು, ಮಲಯಾಳ ಎಲ್ಲ ಬರುತ್ತಿತ್ತು. ಬೇಲಿಯಾಚೆ ಮೀನು ಮಾರುವವನ ಹತ್ತಿರ ಅವನ ಭಾಷೆಯಲ್ಲೇ ಜಗಳವಾಡುವಳು. ನಮ್ಮತ್ತೆ ರಂಗಮ್ಮನವರು “ಇದೆಂಥಾ ಸೊಸೆ ತಂದ್ನಪ್ಪಾ ಚಂದ್ರು, ಬಾಯ್ ಬಿಟ್ರೆ ಸಂತೆ” ಎನ್ನುವರು. ಆದರೆ ಅವಳು ಆಡಿದ್ದಕ್ಕೆಲ್ಲ ಸೆರಗು ಬಾಯಿಗಿಟ್ಟು ನಗುವವರೂ ಅವರೇ.

ಎಂಬತ್ತೇಳರಲ್ಲಿ ಚಂದ್ರು ಮೈಸೂರಿನಿಂದ ಟೀವಿ ತಂದ. ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದನಂತೆ. ನಮ್ಮ ಬೀದಿಗೆ ಅದೇ ಮೊದಲನೆಯದು. ಸಿಲ್ವರ್ ಓಕ್ ಮರಕ್ಕೆ ಬಿದಿರಿನ ಗಳು ಕಟ್ಟಿ ಆಂಟೆನಾ ಏರಿಸಿದ. ಅವನು ಮರದ ಮೇಲಿಂದ “ಬಂತಾ?” ಎಂದು ಕೂಗುವುದು, ಸುಮಿತ್ರ ಅಂಗಳದಲ್ಲಿ ನಿಂತು “ಬಂತು, ಬಂತು... ಅಯ್ಯೋ ಹೋಯ್ತು! ನೀವು ಉಸಿರಾಡ್ಬೇಡಿ, ಹಂಗೇ ಇರಿ!” ಎನ್ನುವುದು. ಭಾನುವಾರ ಬೆಳಗ್ಗೆ ನಮ್ಮ ನಡುಮನೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಪರದೆಯ ಮೇಲೆ ದೇವರು ಬಂದರೆ ಅತ್ತೆ ಎದ್ದು ನಿಂತು ಕೈ ಮುಗಿಯುವರು. ನಾನೂ ಮುಗಿಯುತ್ತಿದ್ದೆ.

ಎಂಬತ್ತೊಂಬತ್ತರ ಮಳೆಗಾಲದಲ್ಲಿ ಪಂಪ್‌ಸೆಟ್ ಹಾಕಲು ಹೋದ ಚಂದ್ರು ಕರೆಂಟು ಹೊಡೆದು ಸತ್ತ. ಸುಮಿತ್ರಳಿಗೆ ಇಪ್ಪತ್ನಾಲ್ಕು. ಕಾವ್ಯಶ್ರೀಗೆ ಮೂರು ವರ್ಷ.

ಅವಳ ಹಣೆಯ ಕುಂಕುಮ ಅಳಿಸಿದ್ದು ನಾನು. ಅತ್ತೆ ಹೇಳಿದರು, ನಾನು ಮಾಡಿದೆ. ಒದ್ದೆ ಬಟ್ಟೆಯಲ್ಲಿ ಒರೆಸುವಾಗ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಅವಳ ಮುಖ ನೋಡಲಿಲ್ಲ. ಈಗ್ಗೆ ಆರು ವರ್ಷದ ಹಿಂದೆ ನನ್ನ ಯಜಮಾನರು ಸಣ್ಣಸ್ವಾಮಿಯವರು ತೀರಿಕೊಂಡಾಗ, ಅದೇ ಕೆಲಸಕ್ಕೆಂದು ನಾಲ್ಕು ಜನ ಹೆಂಗಸರು ನನ್ನ ಹತ್ತಿರ ಬಂದರು. ಸುಮಿತ್ರ ನನ್ನ ಮುಂದೆ ಅಡ್ಡ ಕೂತುಬಿಟ್ಟಳು. “ನಮ್ಮಕ್ಕನ ಹಣೆ ಯಾರೂ ಮುಟ್ಟಂಗಿಲ್ಲ. ಅವಳು ಹುಟ್ಟಿದ್ ಹನ್ನೊಂದನೇ ದಿನ ಅವರಮ್ಮ ಇಟ್ಟಿದ್ದು ಅದು, ನಮ್ಮ ಭಾವ ಇಟ್ಟಿದ್ದಲ್ಲ,” ಎಂದಳು. ಬಂದವರು ಹಿಂದೆ ಹೋದರು. ಹೀಗೆ ಅಡ್ಡ ಕೂರುವ ಧೈರ್ಯ ಅವಳಿಗೆ ಹೇಗೆ ಬಂತು ಎಂಬುದನ್ನೇ ನಾನು ಹೇಳಬೇಕಾಗಿರುವುದು.

ಏಕೆಂದರೆ ಚಂದ್ರು ಹೋದ ಮೇಲೆ ಇಪ್ಪತ್ತು ವರ್ಷ ಅವಳು ಹಾಗಿರಲಿಲ್ಲ. ನಮ್ಮಲ್ಲಿ ಯಾವ ಶುಭಕಾರ್ಯವಾದರೂ ಅವಳ ಜಾಗ ಹಿತ್ತಲ ಒಲೆಯ ಮುಂದೆ, ಇಲ್ಲವೇ ಉಗ್ರಾಣದಲ್ಲಿ. ಅರಿಶಿನ ಕುಟ್ಟುವಾಗ ಒನಕೆ ಮುಟ್ಟುವ ಹಾಗಿಲ್ಲ, ಸೋಬಾನೆ ಹೇಳುವಾಗ ಚಪ್ಪರದೊಳಗೆ ಬರುವ ಹಾಗಿಲ್ಲ. ಯಾರೂ ಅವಳಿಗೆ ಬೈದು ಹೇಳಿದ್ದಲ್ಲ. “ಸುಮಿತ್ರ ಇದ್ರೆ ಉಗ್ರಾಣದ್ ಚಿಂತೆ ಇಲ್ಲ ಬಿಡಿ” ಎಂದು ಹೊಗಳುತ್ತಿದ್ದರು. ಎಲ್ಲರಿಗಿಂತ ಹೆಚ್ಚು ನಾನೇ ಹೊಗಳುತ್ತಿದ್ದೆ. ಆ ಹೊಗಳಿಕೆಯಿಂದಲೇ ಅವಳನ್ನು ಒಳಗೆ ಕೂಡಿಹಾಕಿದ್ದೆವೆಂದು ನನಗೆ ಹೊಳೆದಿರಲಿಲ್ಲ.

ಇದರಲ್ಲಿ ಅತ್ತೆಯ ತಪ್ಪನ್ನು ಮಾತ್ರ ಹೇಳಿದರೆ ಅನ್ಯಾಯವಾಗುತ್ತದೆ. ಅವರೂ ವಿಧವೆಯೇ. ಚಂದ್ರುವಿನ ಮದುವೆಗೆ ಎರಡು ವರ್ಷ ಮುಂಚೆ ನಮ್ಮ ಮಾವ ತೀರಿಕೊಂಡಿದ್ದರು. ಹೆತ್ತ ಮಗನ ಧಾರೆಯ ಹೊತ್ತಿಗೆ ಅವರು ಉಗ್ರಾಣದಲ್ಲಿ ಬೆಲ್ಲ ಒಡೆಯುತ್ತಿದ್ದರು. ಅದನ್ನು ನಾನು ಕಣ್ಣಾರೆ ಕಂಡಿದ್ದೆ, ಏನೂ ಅನ್ನಿಸಿರಲಿಲ್ಲ. ದೇವರು ಹಾಕಿದ ಕಟ್ಟಳೆ ಎಂದುಕೊಂಡಿದ್ದೆ.

ಎರಡು ಸಾವಿರದ ಎಂಟರ ಕೊನೆಗೆ ಕಾವ್ಯಶ್ರೀಗೆ ಪಿರಿಯಾಪಟ್ಟಣದ ಕಡೆಯ ಸಂಬಂಧ ಕೂಡಿಬಂತು. ಮಾಘ ಮಾಸದಲ್ಲಿ ಮದುವೆ. ತಂದೆಯಿಲ್ಲದ ಹುಡುಗಿ, ತಾಯಿ ಕೂರುವ ಹಾಗಿಲ್ಲ. ಆದ್ದರಿಂದ ದೊಡ್ಡಪ್ಪ ದೊಡ್ಡಮ್ಮನಾದ ನಾವೇ ಧಾರೆಗೆ ಕೂರುವುದೆಂದು ತೀರ್ಮಾನವಾಯಿತು. ತೀರ್ಮಾನ ಎನ್ನುವುದಕ್ಕೂ ಅಲ್ಲಿ ಏನೂ ಇರಲಿಲ್ಲ. ಬೇರೆ ದಾರಿ ಇದೆಯೆಂದು ಯಾರಿಗೂ ತೋರಲಿಲ್ಲ.

ನಮ್ಮಲ್ಲಿ ಧಾರೆಯೆಂದರೆ ಹಾಲೆರೆಯುವುದು. ಹೆಣ್ಣು ಗಂಡಿನ ಜೋಡಿಸಿದ ಕೈಗಳ ಮೇಲೆ ಮೊದಲು ಹೆತ್ತವರು ಹಾಲೆರೆಯುತ್ತಾರೆ, ಆಮೇಲೆ ಬಂಧುಗಳು, ಆಮೇಲೆ ಊರಿನವರು, ಸಾಲಾಗಿ ಬಂದು ಒಂದೊಂದು ಹನಿ. ಬೀದಿಯಲ್ಲಿ ಹೋಗುವವರು ಒಳಗೆ ಬಂದು ಎರೆದರೂ ಬೇಡವೆನ್ನುವುದಿಲ್ಲ. ಗಂಡ ಸತ್ತವಳು ಮಾತ್ರ ಎರೆಯುವ ಹಾಗಿಲ್ಲ.

ಆ ಚಳಿಗಾಲ ನಮ್ಮ ಬೀದಿಯ ಹೆಂಗಸರೆಲ್ಲ ಒಂದು ಧಾರಾವಾಹಿಗೆ ಬಿದ್ದಿದ್ದೆವು. ಅದರ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ, ‘ಏಳೂವರೆಯದು’ ಎನ್ನುತ್ತಿದ್ದೆವು. ಅಷ್ಟೊತ್ತಿಗೆ ಬಣ್ಣದ ಟೀವಿ, ಮಾಡಿನ ಮೇಲೆ ಡಿಶ್ಶು, ಎಲ್ಲ ಬಂದಿತ್ತು. ಮನೆಮನೆಯಲ್ಲೂ ಟೀವಿ ಇದ್ದರೂ ಹಳೆಯ ಅಭ್ಯಾಸಕ್ಕೆ ಏಳೂವರೆಗೆ ನಮ್ಮ ನಡುಮನೆಗೇ ಬರುವರು. ಅವರೆಕಾಯಿಯ ಕಾಲ. ನೆನೆಸಿದ ಅವರೆಕಾಳನ್ನು ಮೊರದ ತುಂಬ ತಂದು ನಡುವೆ ಇಟ್ಟುಕೊಂಡು, ಕಣ್ಣು ಪರದೆಯ ಮೇಲೆ, ಕೈ ಕಾಳಿನ ಮೇಲೆ. ಬೆರಳಲ್ಲಿ ಹಿತುಕಿದರೆ ಸಿಪ್ಪೆ ಬಿಟ್ಟು ಕಾಳು ಪುಳಕ್ಕೆಂದು ಹಾರುತ್ತದೆ. ದುಃಖದ ಜಾಗ ಬಂದರೆ ಕಾಳು ಟೀವಿಯವರೆಗೂ ಹಾರುತ್ತಿತ್ತು.

ಆ ಧಾರಾವಾಹಿಯಲ್ಲಿ ಭಾಗೀರಥಿ ಎಂಬ ವಿಧವೆ. ಅವಳ ಮಗಳಿಗೆ ಮದುವೆ. ಅತ್ತೆ ಬಲು ಗಟ್ಟಿಗಿತ್ತಿ, ಭಾಗೀರಥಿಯ ನೆರಳೂ ಚಪ್ಪರದ ಮೇಲೆ ಬೀಳಬಾರದು ಎನ್ನುವವಳು. ಓರಗಿತ್ತಿಯೊಬ್ಬಳು, ಭಾಗೀರಥಿಯ ಜಾಗದಲ್ಲಿ ತಾನು ಕೂರಲು ಹೊರಟವಳು. ನಮ್ಮ ರಂಗಮ್ಮತ್ತೆಗೆ ಪರದೆಯ ಮೇಲಿನ ಆ ಅತ್ತೆಯನ್ನು ಕಂಡರೆ ಮೈ ಉರಿಯುತ್ತಿತ್ತು.

“ನಿನ್ನ್ ಬಾಯಿಗ್ ಮಣ್ಣಾಕ! ಹೆತ್ತವಳ ಹೊಟ್ಟೆ ಉರುಸ್ತೀಯಲ್ಲೇ! ಆ ಸೊಸೆ ಕಣ್ಣೀರು ನಿನ್ನ ಸುಮ್ನೆ ಬಿಟ್ಟಾತಾ?” ಎಂದು ಬೈಯುವರು.

“ಅತ್ತೆ, ಮೆಲ್ಲಗ್ ಬೈರಿ, ಅವಳಿಗ್ ಕೇಳ್ಸಿ ನಾಳೆಯಿಂದ ಬರೋದ್ ಬಿಟ್ಟಾಳು,” ಎಂದು ಸುಮಿತ್ರ ನಗಿಸುವಳು.

ನಮ್ಮ ಮನೆಯ ಮೇಲಿನ ತೋಟದ ಬೊಳ್ಳಮ್ಮನೂ ಆಗಾಗ ಬರುವರು. ಅವರು ಕೊಡವರು. ಗಂಡ ಮಿಲಿಟರಿಯಲ್ಲಿದ್ದು ಬಂದವರು. ಒಂದು ಸಂಜೆ ಅವರು ಕಾಳು ಹಿತುಕುತ್ತಾ, “ಇದೆಂಥದು ನಿಮ್ಮ ಜನದ ಕಥೆ? ನಮ್ಮಲ್ಲಿ ಮದುವೆಗೆ ತಾಯಿ ಮೊದಲು ಬಂದು ಅಕ್ಕಿ ಹಾಕಿ ಹರಸುವುದು. ಗಂಡ ಇದ್ದರೂ ತಾಯಿ, ಇಲ್ಲದಿದ್ದರೂ ತಾಯಿ,” ಎಂದರು.

“ನಿಮ್ ಪದ್ಧತಿ ನಿಮಗೆ, ನಮ್ ಪದ್ಧತಿ ನಮಗೆ ಬೊಳ್ಳಮ್ಮ,” ಎಂದರು ಅತ್ತೆ. ಎಂದವರೇ ಪರದೆಯ ಕಡೆ ತಿರುಗಿ, “ನೋಡ್ತಾ ಇರಿ, ಭಾಗೀರಥಿ ಬಿಡಾಕಿಲ್ಲ. ಅವಳೇ ಎರೀತಾಳೆ. ಎರೀದಿದ್ರೆ ಇದನ್ನ ನೋಡೋದೇ ಬಿಡ್ತೀನಿ,” ಎಂದರು.

ಬೊಳ್ಳಮ್ಮ ನನ್ನ ಮುಖ ನೋಡಿದರು. ನಾನು ಮೊರದ ಕಡೆ ನೋಡಿದೆ.

ಮದುವೆಗೆ ಎಂಟು ದಿನವಿರುವಾಗ ಯಜಮಾನರು ಮೈಸೂರಿನಿಂದ ನನಗೆ ಧಾರೆಗೆ ಉಡಲು ಸೀರೆ ತಂದರು. ಮಾವಿನ ಚಿಗುರಿನ ಬಣ್ಣ, ಕೆಂಪು ಅಂಚು. ಅಂದು ಏಳೂವರೆಗೆ ಪರದೆಯ ಮೇಲೆ ಭಾಗೀರಥಿಯ ಓರಗಿತ್ತಿ ಕನ್ನಡಿಯ ಮುಂದೆ ನಿಂತು, ಧಾರೆಗೆ ಉಡುವ ಹೊಸ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ನೋಡಿಕೊಳ್ಳುತ್ತಿದ್ದಳು. ಬೀದಿಯ ಹೆಂಗಸರು ಅವಳಿಗೆ ಹಿಡಿಶಾಪ ಹಾಕುತ್ತಿದ್ದರು. “ಇನ್ನೊಬ್ಬಳ ಜಾಗದಲ್ಲಿ ಕೂರೋಕೆ ಸಿಂಗಾರ ನೋಡು, ನಾಚಿಕೆಗೆಟ್ಟೋಳು,” ಎಂದರು ಯಾರೋ.

ಪಕ್ಕದಲ್ಲಿ ಕೂತಿದ್ದ ಸುಮಿತ್ರ ನನ್ನ ಕಡೆ ಬಾಗಿ, “ಅಕ್ಕ, ನಿಂದು ಅವಳ್ದಕ್ಕಿಂತ ಚೆನ್ನಾಗದೆ. ಅವಳ್ದು ಅಂಚು ಸಣ್ಣ,” ಎಂದಳು.

ಅವಳು ಚುಚ್ಚಿ ಹೇಳಲಿಲ್ಲ. ನನ್ನ ಸೀರೆ ಚೆನ್ನಾಗಿದೆಯೆಂದು ನಿಜವಾಗಿಯೂ ಸಂತೋಷಪಟ್ಟಿದ್ದಳು. ನನ್ನ ಕೈ ನಿಂತುಹೋಯಿತು. ಮೂರು ತಿಂಗಳಿಂದ ನಾನು ಬೈಯುತ್ತಿದ್ದ ಆ ಹೆಂಗಸು ನಾನೇ ಎಂದು ತಿಳಿದ ಗಳಿಗೆ ಅದು. ಇಷ್ಟು ದಿನ ಆ ಪೆಟ್ಟಿಗೆಯೊಳಗಿನ ಭಾಗೀರಥಿಗಾಗಿ ಅತ್ತಿದ್ದೆ, ಪಕ್ಕದಲ್ಲಿ ಕೂತು ನನ್ನ ಜೊತೆ ಕಾಳು ಹಿತುಕುತ್ತಿದ್ದವಳಿಗಾಗಿ ಒಂದು ದಿನವೂ ಅತ್ತಿರಲಿಲ್ಲ.

ಮರುದಿನ ಬೆಳಗ್ಗೆ ದೀಪ ಹಚ್ಚಿ ದೇವರನ್ನು ಕೇಳಿದೆ. ನಾನು ಓದು ಬಲ್ಲವಳಾದರೂ ದೊಡ್ಡ ಶಾಸ್ತ್ರ ತಿಳಿದವಳಲ್ಲ. ಹಿರಿಯರು ಹಾಕಿದ ಗೆರೆ ದಾಟಿದರೆ ಮಗುವಿಗೆ ಕೆಡುಕಾದೀತೇ ಎಂಬ ಭಯ ನನಗೂ ಇತ್ತು. ಒಂದು ಸೂಚನೆ ಕೊಡು ಎಂದು ಬೇಡಿದೆ. ಏಳು ದಿನ ಬೇಡಿದೆ. ದೇವರು ಆಗಲಿ ಎನ್ನಲಿಲ್ಲ. ಬೇಡವೆಂದೂ ಹೇಳಲಿಲ್ಲ.

ಮದುವೆಯ ಹಿಂದಿನ ಸಂಜೆ ಮನೆಯಲ್ಲಿ ಚಪ್ಪರದ ಶಾಸ್ತ್ರ. ಅದೇ ದಿನ ಧಾರಾವಾಹಿಯಲ್ಲಿ ಧಾರೆ. ಕೆಲಸದ ನಡುವೆಯೂ ಅತ್ತೆ ಏಳು ಇಪ್ಪತ್ತಕ್ಕೇ ಟೀವಿಯ ಮುಂದೆ ಜಾಗ ಹಿಡಿದರು. ಬಂದ ನೆಂಟರಲ್ಲಿ ಅರ್ಧ ಜನ ಚಪ್ಪರ ಬಿಟ್ಟು ಒಳಗೆ ಬಂದರು. ಪುರೋಹಿತರು ಮಂತ್ರ ಹೇಳುತ್ತಿದ್ದಾರೆ, ಹಾಲಿನ ಚೊಂಬು ಕಾಣಿಸಿತು, ಕಂಬದ ಹಿಂದೆ ಭಾಗೀರಥಿಯ ಮುಖ. ಅಷ್ಟರಲ್ಲಿ ಕರೆಂಟು ಹೋಯಿತು. ಇಡೀ ಊರೇ ಕತ್ತಲು. ಒಂಬತ್ತಾದರೂ ಬರಲಿಲ್ಲ.

“ಎರೆದಿರ್ತಾಳೆ,” ಎಂದರು ಅತ್ತೆ ಕತ್ತಲಲ್ಲಿ ಕೂತು.

ಮದುವೆ ಕುಶಾಲನಗರದ ಒಂದು ಕಲ್ಯಾಣ ಮಂಟಪದಲ್ಲಿ. ಹನ್ನೊಂದು ಇಪ್ಪತ್ತಕ್ಕೆ ಮುಹೂರ್ತ. ಹನ್ನೊಂದಕ್ಕೆ ಪುರೋಹಿತರು “ಹೆಣ್ಣಿನ ಕಡೆ ಧಾರೆಗೆ ಕೂರೋರು ಬನ್ನಿ” ಎಂದು ಕೂಗಿದರು. ಯಜಮಾನರು ಪಂಚೆ ಸರಿಮಾಡಿಕೊಂಡು ಹೋದರು. ನಾನು ಎದ್ದು ಮಂಟಪದ ಕಡೆ ಹೋಗದೆ, ಊಟದ ಮನೆ ದಾಟಿ ಉಗ್ರಾಣಕ್ಕೆ ಹೋದೆ.

ಸುಮಿತ್ರ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಳೆಹಣ್ಣಿನ ಗೊನೆಯಿಂದ ಚಿಪ್ಪು ಬಿಡಿಸುತ್ತಿದ್ದಳು. ಬಿಳಿ ಹೂವಿನ ನಸುಬೂದು ಸೀರೆ.

“ಏನಕ್ಕ, ಇಲ್ಲಿಗ್ ಬಂದೆ? ಕರೀತಾವ್ರೆ ನಿನ್ನ.”

“ನಿನ್ನ ಕರಿಯೋಕೆ ಬಂದೆ. ಕೈ ತೊಳ್ಕೊ. ಭಾವನ ಪಕ್ಕ ನಿಂತು ನೀನೇ ಹಾಲೆರಿ.”

ಅವಳು ಮೊದಲು ನಕ್ಕಳು. ಆಮೇಲೆ ನನ್ನ ಮುಖ ನೋಡಿ ಕೈಯಲ್ಲಿದ್ದ ಚಿಪ್ಪನ್ನು ಕೆಳಗಿಟ್ಟಳು. “ಬೇಡ ಅಕ್ಕ. ನಾಳೆ ನನ್ನ ಮಗಳಿಗ್ ಏನಾದ್ರೂ ಆದ್ರೆ? ಅವಳ ಹಣೆ ನನ್ನ ಹಣೆ ಥರ ಆದ್ರೆ? ನಾನು ಇರೋ ಜಾಗ್ದಲ್ಲಿ ಇರ್ತೀನಿ. ನಿನ್ನ ಕಾಲಿಗ್ ಬೀಳ್ತೀನಿ, ಹೋಗು.”

ಅವಳ ಕಣ್ಣಲ್ಲಿ ಆಸೆ ಇರಲಿಲ್ಲವೆಂದಲ್ಲ. ಭಯವೇ ಹೆಚ್ಚಾಗಿತ್ತು. ನಾನು ಪಕ್ಕದಲ್ಲಿದ್ದ ಅಕ್ಕಿಮೂಟೆಯ ಮೇಲೆ ಆ ಹೊಸ ಸೀರೆಯಲ್ಲೇ ಕೂತುಬಿಟ್ಟೆ.

“ನೀನು ಬರೋವರ್ಗೂ ನಾನ್ ಏಳಲ್ಲ,” ಎಂದೆ.

ಐದು ನಿಮಿಷವಾಗಿರಬಹುದು. ಯಜಮಾನರು ಬಂದರು. “ಏನ್ ವಿಶಾಲಾಕ್ಷಿ ಇದು? ಮುಹೂರ್ತ ಮೀರ್ತದೆ. ಬೀಗ್ರು ಏನಂದ್ಕೊಂಡಾರು?”

“ಕಾವ್ಯನ್ ಹೆತ್ತೋಳು ಇವಳು. ನಾನ್ಯಾಕ್ ಎರೀಲಿ?”

ಅವರು ನನ್ನನ್ನೂ ಸುಮಿತ್ರಳನ್ನೂ ನೋಡಿ ಬಾಗಿಲಲ್ಲೇ ನಿಂತರು. ಅವರು ಮಾತು ಕಡಿಮೆಯ ಮನುಷ್ಯ. “ಅವ್ವ ಒಪ್ಪಿದ್ರೆ ನಂದೇನಿಲ್ಲ,” ಎಂದರು. ಅವರ ಹಿಂದೆಯೇ ಅತ್ತೆ ಬಂದಿದ್ದರು. ಅವರ ಹಿಂದೆ ಬೊಳ್ಳಮ್ಮ.

“ಏಳೇ ಮೇಲೆ,” ಎಂದರು ಅತ್ತೆ. “ಮದುವೆಮನೇಲಿ ಎಂಥ ನಾಟ್ಕ ಇದು? ನನ್ನ ಚಂದ್ರೂನ ಧಾರೇಲಿ ನಾನೂ ಉಗ್ರಾಣದಾಗೇ ಇದ್ದೆ. ಹೊಟ್ಟೆ ಉರೀಲಿಲ್ವಾ ನನಗೆ? ಅವನಿಗ್ ಒಳ್ಳೇದಾಗ್ಲಿ ಅಂತ ಹಲ್ಲು ಕಚ್ಕೊಂಡ್ ಇರಲಿಲ್ವಾ?”

ಆಗ ನನ್ನ ಬಾಯಿಂದ ಒಂದು ಮಾತು ಬಂತು. ಇಂದಿಗೂ ಅದನ್ನು ನೆನೆದರೆ ನನಗೆ ಸಂಕಟ.

“ನೀವು ಹಿಂದೆ ನಿಂತಿದ್ರೂ ಚಂದ್ರು ಉಳೀಲಿಲ್ವಲ್ಲ ಅತ್ತೆ.”

ಹೊರಗೆ ವಾಲಗದವರು ಊದುತ್ತಿದ್ದರು. ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಎಪ್ಪತ್ತು ದಾಟಿದ ಹೆಂಗಸು. ಅವರ ಮುಖದಲ್ಲಿ ಸಿಟ್ಟು ಬರುತ್ತದೆಂದು ಕಾದೆ, ಬರಲಿಲ್ಲ. ಎಲ್ಲೋ ನೋಡುತ್ತಾ ನಿಂತರು. ಆಮೇಲೆ ಕೇಳಿದರು:

“ನೆನ್ನೆ ಆ ಭಾಗೀರಥಿ ಎರೆದ್ಲಾ?”

“ಗೊತ್ತಿಲ್ಲ ಅತ್ತೆ. ಕರೆಂಟ್ ಹೋಯ್ತಲ್ಲ,” ಎಂದೆ.

ಅತ್ತೆ ಬೊಳ್ಳಮ್ಮನ ಕಡೆ ತಿರುಗಿದರು. ಬೊಳ್ಳಮ್ಮ ಬಾಳೆಗೊನೆಯನ್ನೇ ನೋಡುತ್ತಿದ್ದರು.

“ಎರೆದಿರ್ತಾಳೆ ಬಿಡು,” ಎಂದರು ಅತ್ತೆ. ಸೆರಗಿನ ತುದಿಯನ್ನು ಕೊಡದ ನೀರಿನಲ್ಲಿ ಅದ್ದಿ ಸುಮಿತ್ರಳ ಕೈಗಳನ್ನು ಹಿಡಿದು, ಬಾಳೆಯ ಅಂಟು ಹೋಗುವವರೆಗೆ ಒರೆಸಿದರು. “ನಡಿ. ಬೀಗ್ರು ಏನಾದ್ರೂ ಅಂದ್ರೆ ನಾನ್ ನೋಡ್ಕೊತೀನಿ. ಅಳ್ಬೇಡ, ಹಾಲಿಗ್ ಕಣ್ಣೀರ್ ಬಿದ್ದಾತು.”

ಸುಮಿತ್ರ ನಡೆದಳೋ, ಅತ್ತೆ ಎಳೆದುಕೊಂಡು ಹೋದರೋ ಹೇಳುವುದು ಕಷ್ಟ. ಹಸೆಮಣೆಯ ಮೇಲೆ ಕೈ ಚಾಚಿ ಕೂತಿದ್ದ ಕಾವ್ಯ, ತಾಯಿ ಬರುವುದನ್ನು ನೋಡಿ ಎದ್ದೇಬಿಟ್ಟಳು. ಪುರೋಹಿತರು “ಕೂತ್ಕೊಳ್ಳಮ್ಮ, ಏಳ್ಬಾರ್ದು” ಎಂದರು. ಗಂಡಿನ ಕಡೆಯಲ್ಲಿ ಗುಜುಗುಜು ಎದ್ದಿತು. ಹಿರಿಯರಿಬ್ಬರು ಹೆಗಲ ಮೇಲಿನ ಟವೆಲು ಕೊಡವಿ ಎದ್ದು ಹೋದರು, ಊಟಕ್ಕೂ ನಿಲ್ಲಲಿಲ್ಲ. ಗಂಡಿನ ತಾಯಿ ಮಾತ್ರ ಹಾಲಿನ ಚೊಂಬನ್ನು ಎತ್ತಿ ಸುಮಿತ್ರಳ ಕೈಗೆ ಕೊಟ್ಟರು. ಕೊಡುವಾಗ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು: “ನಾವೂ ಏಳೂವರೇದು ನೋಡ್ತೀವಿ ಬೀಗಿತ್ತಿ.”

ಸುಮಿತ್ರ ಎರೆದಳು. ಅರ್ಧ ಹಾಲು ನನ್ನ ಯಜಮಾನರ ಪಂಚೆಯ ಮೇಲೆ ಹೋಯಿತು. ಆಮೇಲೆ ನಾನು ಎರೆದೆ, ಬಂಧುಗಳು ಎರೆದರು, ಬೊಳ್ಳಮ್ಮ ಎರೆದರು. ಸಾಲು ಮುಗಿಯಿತೆಂದು ಪುರೋಹಿತರು ಚೊಂಬು ತೆಗೆಯಲು ಹೋದಾಗ, “ತಡೀರಿ” ಎಂದು ಒಂದು ದನಿ ಬಂತು. ರಂಗಮ್ಮತ್ತೆ. ತಾವಾಗಿಯೇ ಮುಂದೆ ಬಂದು, ಮೊಮ್ಮಗಳ ಕೈಯ ಮೇಲೆ ಮೂರು ಸಲ ಎರೆದರು. ನಮ್ಮ ಮಾವ ಹೋದ ಮೇಲೆ ಆ ಕೈ ಹಾಲಿನ ಚೊಂಬು ಮುಟ್ಟಿದ್ದು ಅದೇ ಮೊದಲು.

ಮೂರು ದಿನ ಕಳೆದು ನೆಂಟರೆಲ್ಲ ಹೋದ ಮೇಲೆ ಬೊಳ್ಳಮ್ಮ ನನ್ನನ್ನು ಬೇಲಿಯ ಹತ್ತಿರ ಕರೆದರು. “ವಿಶಾಲಾಕ್ಷಿ, ನಿಮಗೆ ಒಂದು ಹೇಳಬೇಕು. ನಮ್ಮ ಮನೆಯಲ್ಲಿ ಜನರೇಟರ್ ಉಂಟಲ್ಲ. ಆ ದಿನ ನಾನು ನೋಡಿದ್ದೆ. ಆ ಭಾಗೀರಥಿ ಎರೆಯಲಿಲ್ಲ. ಕಂಬದ ಹಿಂದೆಯೇ ನಿಂತು ಅಳುತ್ತಾ ಇದ್ದಳು. ಈಗಲೂ ಅಳುತ್ತಾ ಇದ್ದಾಳೆ.”

“ಮತ್ತೆ ಅಲ್ಲಿ ಯಾಕ್ ಹೇಳ್ಲಿಲ್ಲ ನೀವು?”

“ಹೇಳಿದ್ದರೆ ನಿಮ್ಮತ್ತೆ ಬಿಡುತ್ತಿದ್ದರಾ ಮಾರಾಯ್ತಿ?”

ಇಬ್ಬರೂ ಬೇಲಿ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅತ್ತೆಗೆ ಹೇಗೋ ತಿಳಿದೇ ತಿಳಿಯಿತು. ಸಿಟ್ಟು ಬಂದದ್ದು ನಮ್ಮ ಮೇಲಲ್ಲ, ಧಾರಾವಾಹಿಯವರ ಮೇಲೆ. “ನಮ್ಮ ಸುಮಿತ್ರನಿಗ್ ಇರೋ ಧೈರ್ಯ ಆ ಭಾಗೀರಥಿಗಿಲ್ಲ. ಅವಳನ್ನೇನ್ ನೋಡೋದು,” ಎಂದು ಮಾತಿಗೆ ತಪ್ಪದೆ ನೋಡುವುದನ್ನೇ ಬಿಟ್ಟರು. ಏಳೂವರೆಗೆ ಹಟ ಹಿಡಿದು ಜಗಲಿಯಲ್ಲಿ ಕೂರುವರು. “ಏನಾಯ್ತೇ ಇವತ್ತು?” ಎಂದು ಅಲ್ಲಿಂದಲೇ ಕೇಳುವರು.

ಎಲ್ಲವೂ ಸುಖವಾಗಿಯೇ ನಡೆಯಿತೆಂದು ಬರೆದರೆ ಸುಳ್ಳಾಗುತ್ತದೆ. ಮದುವೆಯಾದ ವರ್ಷವೇ ಕಾವ್ಯಳಿಗೆ ನಾಲ್ಕು ತಿಂಗಳ ಬಸಿರು ಇಳಿದುಹೋಯಿತು. ಊರಲ್ಲಿ ಮಾತು ಶುರುವಾಯಿತು. ಸುಮಿತ್ರ ಹದಿನೈದು ದಿನ ಊಟ ಬಿಟ್ಟಳು. ನಾನೂ ದೇವರ ಮುಂದೆ ನಿಂತು ತಪ್ಪಾಯಿತೇ ಎಂದು ಕೇಳಿದೆ. ಒಂದು ದಿನ ನೆಂಟಳೊಬ್ಬಳು ನಮ್ಮ ಜಗಲಿಯಲ್ಲೇ ಕೂತು ಆ ಮಾತೆತ್ತಿದಳು. ಅತ್ತೆ ಅವಳನ್ನು ತಡೆದು ಕೇಳಿದರು:

“ನಿನ್ನ ಮಗಳಿಗ್ ಎರಡು ಸಲ ಹೋಯ್ತಲ್ಲವ್ವ. ಅವಳ್ ಧಾರೇಲಿ ಯಾವ ಮುಂಡೆ ಎರೆದಿದ್ಲು?”

ಆ ಮಾತು ಅಲ್ಲಿಗೆ ನಿಂತಿತು. ಮರುವರ್ಷ ಕಾವ್ಯ ಹೆಣ್ಣುಮಗು ಹೆತ್ತಳು, ಅನುಶ್ರೀ. ನಾಮಕರಣದ ದಿನ ಮಗುವನ್ನು ತೊಟ್ಟಿಲಿಗೆ ಹಾಕಿದವಳು ಸುಮಿತ್ರ. ಅಂದು ಅವಳನ್ನು ಯಾರೂ ಕರೆಯಲು ಹೋಗಬೇಕಾಗಲಿಲ್ಲ. ಆಮೇಲೆ ನಮ್ಮ ಬೀದಿಯಲ್ಲಿ ಒಂದೆರಡು ಮದುವೆಗಳಲ್ಲಿ ವಿಧವೆಯರಾದ ತಾಯಂದಿರು ಧಾರೆ ಎರೆದರು. ಎಲ್ಲರೂ ಅಲ್ಲ. ಇಂದಿಗೂ ಉಗ್ರಾಣದಲ್ಲಿ ಕೂರುವವರಿದ್ದಾರೆ. ಅಂಥ ಮದುವೆಗೆ ಹೋದರೆ ಸುಮಿತ್ರ ಮೊದಲು ಉಗ್ರಾಣಕ್ಕೆ ಹೋಗಿ, ಒಳಗಿದ್ದವಳನ್ನು ಮಾತಾಡಿಸುವಳು. ಆಕೆ ಬಂದರೆ ಕೈ ಹಿಡಿದು ಕರೆದುಕೊಂಡು ಬರುವಳು. ಬಾರದಿದ್ದರೆ ತಾನೂ ಅಲ್ಲೇ ಕೂತು ತೆಂಗಿನಕಾಯಿ ಎಣಿಸುವಳು. “ಒಬ್ಬಳೇ ಇದ್ರೆ ಬೇಜಾರಕ್ಕ ಅಲ್ಲಿ, ನನಗ್ ಗೊತ್ತು,” ಎನ್ನುವಳು.

ಈಗ ಅತ್ತೆಯೂ ಇಲ್ಲ, ಯಜಮಾನರೂ ಇಲ್ಲ. ಮೊನ್ನೆಯಿಂದ ಸುಮಿತ್ರಳೂ ಇಲ್ಲ. ಸಂಜೆ ಸೊಸೆ ಟೀವಿ ಹಾಕಿದರೆ ನನಗೆ ಅದರಲ್ಲಿ ಯಾರು ಯಾರೋ ತಿಳಿಯುವುದಿಲ್ಲ. ಯಾರು ಕೆಟ್ಟವರು, ಯಾರು ಒಳ್ಳೆಯವರು ಎಂದು ಪಕ್ಕದಲ್ಲಿ ಕೂತು ಹೇಳುತ್ತಿದ್ದವಳು ಅವಳು.

ಇವತ್ತಿಗೆ ಹನ್ನೊಂದು ದಿನ. ಬೆಳಗ್ಗೆ ಕೂಡಿಗೆಯಲ್ಲಿ, ಹಾರಂಗಿ ಬಂದು ಕಾವೇರಿಗೆ ಸೇರುವ ಜಾಗದಲ್ಲಿ ಕರ್ಮ ಮುಗಿಸಿದೆವು. ಪಿಂಡ ಬಿಡುವ ಹೊತ್ತಿಗೆ ಕಾವ್ಯ ಅಳಿಯನ ಪಕ್ಕದಲ್ಲಿ ನೀರಿಗಿಳಿದು ನಿಂತಳು. ಹೆಣ್ಣುಮಗಳು ಇಳಿಯಬಾರದೆಂದು ಯಾರೋ ದಡದಿಂದ ಹೇಳಿದರು. ಅವಳು ಕೇಳಿಸಿಕೊಳ್ಳಲಿಲ್ಲ, ನಾನೂ ಕೇಳಿಸಿಕೊಳ್ಳಲಿಲ್ಲ. ಎಲ್ಲರೂ ದಡ ಹತ್ತಿದ ಮೇಲೆ ನಾನೊಬ್ಬಳೇ ಮೊಣಕಾಲು ನೀರಿನಲ್ಲಿ ನಿಂತು ಕೈ ಮುಗಿದೆ.

ತಾಯಿ ಕಾವೇರಿ, ನನ್ನ ತಂಗಿ ನಿನ್ನ ಹತ್ತಿರ ಬಂದಿದ್ದಾಳೆ. ಬದುಕಿನಲ್ಲಿ ಇಪ್ಪತ್ತು ವರ್ಷ ನಾವು ಅವಳನ್ನು ಹಿಂದೆ ನಿಲ್ಲಿಸಿದೆವು. ಆ ಪಾಪದಲ್ಲಿ ನನ್ನ ಪಾಲು ದೊಡ್ಡದು, ಅದನ್ನು ನನ್ನ ಲೆಕ್ಕಕ್ಕೆ ಬಿಡು, ಅವಳಿಗೆ ಅದರ ನೋವು ಉಳಿಸಬೇಡ. ಅಲ್ಲಿಯೂ ಅವಳು ಬಾಗಿಲಾಚೆ ನಿಂತು ಏನಾದರೂ ಕೆಲಸವಿದೆಯೇ ಎಂದು ಕೇಳುತ್ತಾಳೆ. ಕೆಲಸ ಕೊಡಬೇಡ ತಾಯಿ. ಒಳಗೆ ಕರೆದು, ಚಂದ್ರುವಿನ ಪಕ್ಕದಲ್ಲಿ ಕೂರಿಸು. ಅವಳು ದಣಿದಿದ್ದಾಳೆ. ಅವಳ ಜೀವಕ್ಕೆ ತಂಪು ಕೊಡು, ಶಾಂತಿ ಕೊಡು.